ಸಾಂಬ್ರಾದ ಎರಡು ನಿಲ್ದಾಣಗಳು: ರೈಲುದಾರಿ ವಿಮಾನದಾರಿಗಳ ಸಂಧಿಯನ್ನು ಕುರಿತು

೧. ವಿಷಯಪ್ರವೇಶ

ಬೆಳಗಾವಿಗೆ ಪೂರ್ವದಲ್ಲಿ ಸುಮಾರು ೧೦ ಕಿಲೋಮೀಟರು ದೂರದಲ್ಲಿ ಸಾಂಬ್ರಾ ಎಂಬ ಗ್ರಾಮವಿದೆ. ಈ ಒಂದು ಹೆಸರನ್ನು ಎರಡು ನಿಲ್ದಾಣಗಳು ಹೊತ್ತುಕೊಂಡಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಬ್ರಿಟಿಷ್ ವಾಯುಪಡೆಯವರು ಕಟ್ಟಿಸಿದ ವಿಮಾನನೆಲೆಯು ಒಂದು; ಅದೇ ಈಗ ಬೆಳಗಾವಿಯ ವಿಮಾನ ನಿಲ್ದಾಣವೆನಿಸಿದೆ. ಬೆಳಗಾವಿಯಿಂದ ಮೀರಜದ ಕಡೆಗೆ ಹೋಗುವ ರೈಲುದಾರಿಯಲ್ಲಿ 'ಸಾಂಬ್ರೆ' ಎಂಬ ಫಲಕವುಳ್ಳ ಚಿಕ್ಕ ನಿಲ್ದಾಣವು ಇನ್ನೊಂದು. ಹೆಸರು ಒಂದೇ ಆದರೂ ಇವೆರಡಕ್ಕೂ ಪರಸ್ಪರ ವ್ಯವಹಾರವಿಲ್ಲ. ವಿಮಾನವೇರಬೇಕಾದವನು ಸಾಂಬ್ರೆಯಲ್ಲಿ ಇಳಿಯುವುದಿಲ್ಲ. ವಿಮಾನದಿಂದ ಇಳಿದವನು ಸಾಂಬ್ರೆಯಲ್ಲಿ ರೈಲು ಹತ್ತುವುದಿಲ್ಲ.

ರೈಲುದಾರಿಯನ್ನೂ ವಿಮಾನದಾರಿಯನ್ನೂ ಒಂದಾಗಿ ಕೂಡಿಸಬೇಕೆಂಬ ಪ್ರಯತ್ನಕ್ಕೆ ಹೆಚ್ಚುಕಡಿಮೆ ನೂರು ವರ್ಷಗಳ ಇತಿಹಾಸವಿದೆ. ವಿಮಾನವೇರುವವನ ಹೆಸರನ್ನೂ ಹೊರೆಯನ್ನೂ ರೈಲು ನಿಲ್ದಾಣದಲ್ಲಿಯೇ ಸ್ವೀಕರಿಸುವ ಪದ್ಧತಿಯು ಆ ಪ್ರಯತ್ನದ ಪರಿಪಕ್ವ ರೂಪವು. ಈ ಇತಿಹಾಸವನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ನಾಲ್ಕರಲ್ಲಿ ಯಾವುದಕ್ಕೂ ಇದುವರೆಗೆ ರೈಲು ಬಂದಿಲ್ಲ. ಹಳಿಯೇ ಇಲ್ಲದ ಊರಿನವರಿಗೆ ಹಳಿ-ವಿಮಾನಗಳ ಸಂಧಿಯ ವಿಚಾರವು ಏತಕ್ಕೆಂದು ವಾಚಕರು ಕೇಳಬಹುದು. ಕಿತ್ತೂರಿನ ಮೇಲೆ ಹಾಯುವ ಹೊಸ ರೈಲುದಾರಿಯು ಮಂಜೂರಾಗಿರುವ ಈ ಸಮಯದಲ್ಲಿಯೇ ಈ ವಿಚಾರವು ನಡೆಯಬೇಕು. ಹಳಿಯು ಬಿದ್ದ ಮೇಲೆ ನಡೆದರೆ ಅದು ಗತಜಲಸೇತುಬಂಧನವಾದೀತು ಎಂಬುದೇ ಉತ್ತರ.

೨. ಶಬ್ದವಿಚಾರ

ಮೊದಲು ಶಬ್ದಗಳನ್ನು ವಿಚಾರಿಸೋಣ. 'ನಿಲ್ದಾಣ'ವೆಂಬುದು ನಿಲ್ ಎಂಬ ಧಾತುವಿಗೆ ತಾಣವೆಂಬ ನಾಮವು ಸೇರಿ ಆದುದು. ತಾಣವು ಸಂಸ್ಕೃತದ ಸ್ಥಾನಶಬ್ದದ ತದ್ಭವ. ಉತ್ತರಪದದ ಆದಿಯ ತಕಾರಕ್ಕೆ ದಕಾರವು ಬಂದಿರುವುದು ಆದೇಶಸಂಧಿಯ ಕಾರ್ಯವೆಂದು ನಮ್ಮ ವಿದ್ಯಾರ್ಥಿಗಳೂ ಬಲ್ಲರು. ಇಂಗ್ಲಿಷಿನಲ್ಲಿ ಬಸ್ಸಿಗೆ ಸ್ಟ್ಯಾಂಡು, ರೈಲಿಗೆ ಸ್ಟೇಶನ್ನು, ವಿಮಾನಕ್ಕೆ ಪೋರ್ಟು ಎಂದು ಮೂರು ಮಾತುಗಳಿದ್ದರೆ, ಕನ್ನಡವು ಮೂರಕ್ಕೂ ನಿಲ್ದಾಣವೆಂಬ ಒಂದೇ ಮಾತನ್ನು ಸಾಕೆಂದಿದೆ. ಭಾಷೆಯು ಒಂದುಗೂಡಿಸಿದುದನ್ನು ವ್ಯವಹಾರವು ಮಾತ್ರ ಬೇರೆಬೇರೆಯಾಗಿ ಇರಿಸಿದೆ.

'ವಿಮಾನ'ವು ಅಳತೆಯ ಅರ್ಥದ ಮಾ ಧಾತುವಿನಿಂದ ಬಂದ ಶಬ್ದ. ಗರ್ಭಗೃಹದ ಮೇಲಣ ಕಟ್ಟಡಕ್ಕೂ ಆಕಾಶಯಾನಕ್ಕೂ ಅದೇ ಹೆಸರು ಸಲ್ಲುತ್ತದೆ. ರೈಲುಗಾಡಿಗೆ ನಮ್ಮ ಹಿರಿಯರು ಹೊಗೆಬಂಡಿ, ಉಗಿಬಂಡಿ ಎಂದೂ, ಮರಾಠಿಯ ನೆರೆಯಿಂದ ಆಗಗಾಡಿ ಎಂದೂ ಕರೆದರು. ಇವೆಲ್ಲವೂ ವಾಹನವನ್ನು ವರ್ಣಿಸುವ ಶಬ್ದಗಳು. ವಾಹನದಿಂದ ವಾಹನಕ್ಕೆ ದಾಟುವ ಕ್ರಿಯೆಗೆ ಇಂಥ ಒಂದು ಶಬ್ದವು ನಮ್ಮಲ್ಲಿ ರೂಢಿಗೆ ಬರಲಿಲ್ಲ.

ಇನ್ನು 'ಚೆಕ್-ಇನ್' ಎಂಬುದು. ಈ ಮಾತು ಇದ್ದಂತೆಯೇ ಕನ್ನಡದ ಬಳಕೆಯಲ್ಲಿ ನಿಂತಿದೆ. ಅದನ್ನು ಬದಲಿಸುವ ಆಗ್ರಹವು ನಮಗಿಲ್ಲ. ಆದರೆ ಅದರ ಅರ್ಥವನ್ನು ಬಿಡಿಸಿ ನೋಡಿದರೆ ಎರಡು ಕ್ರಿಯೆಗಳು ಕಾಣುತ್ತವೆ. ಪ್ರಯಾಣಿಕನು ಬಂದನೆಂದು ಬರೆದುಕೊಂಡು ಅವನಿಗೆ ಆಸನವನ್ನು ಗೊತ್ತುಮಾಡುವುದು ಮೊದಲನೆಯದು, ಇದನ್ನು ನಾಮಗ್ರಹಣವೆನ್ನೋಣ. ಅವನ ಹೊರೆಯನ್ನು ತೂಗಿ, ಚೀಟಿ ಕಟ್ಟಿ, ರಸೀದಿ ಕೊಟ್ಟು ತನ್ನ ವಶಕ್ಕೆ ತೆಗೆದುಕೊಳ್ಳುವುದು ಎರಡನೆಯದು, ಇದು ಭಾರಗ್ರಹಣ. ಮೊದಲನೆಯದು ಬರಿಯ ದಾಖಲೆ. ಎರಡನೆಯದರಲ್ಲಿ ಹೊಣೆಯು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ. ಈ ಭೇದವನ್ನು ಮುಂದೆಯೂ ನೆನಪಿನಲ್ಲಿಡಬೇಕು.

ಕಾನೂನು ಕೂಡ ಈ ಭೇದವನ್ನು ಅಂಗೀಕರಿಸಿದೆ. ೧೯೮೯ರ ಭಾರತೀಯ ರೈಲ್ವೆ ಕಾಯಿದೆಯ ೧೦೦ನೆಯ ಕಲಮಿನ ಪ್ರಕಾರ, ರೈಲ್ವೆಯ ನೌಕರನು ಸಾಮಾನನ್ನು ಬುಕ್ ಮಾಡಿಕೊಂಡು ರಸೀದಿಯನ್ನು ಕೊಡದೆ ಇದ್ದಲ್ಲಿ ಅದರ ನಷ್ಟಕ್ಕೆ ರೈಲ್ವೆಯು ಸಾಮಾನ್ಯವಾಗಿ ಹೊಣೆಯಲ್ಲ. ಅಂತರರಾಷ್ಟ್ರೀಯ ವಿಮಾನಪ್ರಯಾಣವನ್ನು ಕುರಿತ ೧೯೯೯ರ ಮಾಂಟ್ರಿಯಲ್ ಒಡಂಬಡಿಕೆಯು, ಭಾರತವು ೨೦೦೯ರಲ್ಲಿ ಒಪ್ಪಿಕೊಂಡುದು, ಒಪ್ಪಿಸಿದ ಸಾಮಾನು ವಿಮಾನಸಂಸ್ಥೆಯ ವಶದಲ್ಲಿರುವಷ್ಟು ಕಾಲವೂ ಆ ಸಂಸ್ಥೆಯೇ ಹೊಣೆಯೆಂದು ವಿಧಿಸುತ್ತದೆ. ಹೀಗೆ ಹಳಿಯ ಮೇಲೆ ಒಬ್ಬ ಹೊಣೆಗಾರನು, ಆಕಾಶದಲ್ಲಿ ಇನ್ನೊಬ್ಬನು ಇರಬಹುದು. ರೈಲು ನಿಲ್ದಾಣದ ಬಾಗಿಲಿನಿಂದ ವಿಮಾನ ನಿಲ್ದಾಣದ ಬಾಗಿಲಿನ ವರೆಗಿನ ದಾರಿಯಲ್ಲಿ ಪ್ರಯಾಣಿಕನ ಹೊರೆಗೆ ಅವನ ತಲೆಯೇ ಗತಿ.

೩. ದೇಶವಿಚಾರ

ಈ ಪ್ರಾಂತದ ಹಳೆಯ ದಾರಿಗಳು ಪೂರ್ವಪಶ್ಚಿಮವಾಗಿದ್ದುವು. ಸವದತ್ತಿಯ ರಟ್ಟರು ಸುಗಂಧವರ್ತಿಯಲ್ಲಿ ಆಳಿ, ೧೩ನೆಯ ಶತಕದ ಆದಿಭಾಗದ ಹೊತ್ತಿಗೆ ವೇಣುಗ್ರಾಮವನ್ನು, ಎಂದರೆ ಬೆಳಗಾವಿಯನ್ನು, ರಾಜಧಾನಿಯಾಗಿ ಮಾಡಿಕೊಂಡರು. ಮಲಪ್ರಭೆಯ ಬಯಲಿಗೂ ಬೆಳಗಾವಿಗೂ ಸಂಬಂಧವು ಅಷ್ಟು ಹಳೆಯದು. ಮುಂದಣ ಕಾಲದಲ್ಲಿ ಈ ಕರಿಮಣ್ಣಿನ ನಾಡಿನ ಹತ್ತಿಯು ಎತ್ತಿನ ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಧಾರವಾಡ ಸೀಮೆಯ ಹತ್ತಿಗೆ ವ್ಯಾಪಾರಿಗಳಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಯಿತು. ಹತ್ತಿ ಬೆಳೆದ ಹೊಲದ ಹೆಸರು ಹೋಗಿ ಅದು ಹಡಗೇರಿದ ಬಂದರಿನ ಹೆಸರು ನಿಂತಿತು. ದಾರಿಯ ಮಹಿಮೆಗೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

೧೮೭೬-೭೮ರ ಮಹಾಕ್ಷಾಮದಲ್ಲಿ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಸಾಧನವಿಲ್ಲದೆ ಜನರು ಸತ್ತುದು ಸರಕಾರದ ಕಣ್ಣು ತೆರೆಯಿಸಿತು. ಆ ಬಳಿಕ ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಏರ್ಪಟ್ಟಿತು. ಅದೇ ದಶಕದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾಗಳಿಗೆ ಹಳಿಯು ಬಂದು, ಪೋರ್ಚುಗೀಜರ ಸೀಮೆಯ ಮಾರ್ಮಗೋವೆಯ ಬಂದರನ್ನು ಮುಟ್ಟಿತು. ೧೮೮೭ರಲ್ಲಿ ಬೆಳಗಾವಿಗೂ ರೈಲು ಬಂದಿತು. ಆದರೆ ಧಾರವಾಡದಿಂದ ಬೆಳಗಾವಿಗೆ ಹೋಗುವ ರೈಲು ಕಿತ್ತೂರಿನ ನೇರದಾರಿಯನ್ನು ಹಿಡಿಯಲಿಲ್ಲ. ಪಶ್ಚಿಮಕ್ಕೆ ಕಾಡಿನಲ್ಲಿ ಹೊಕ್ಕು, ಲೋಂಡಾವನ್ನು ಮುಟ್ಟಿ, ಖಾನಾಪುರದ ಮೇಲೆ ಉತ್ತರಕ್ಕೆ ತಿರುಗಿತು. ಬಂದರಿನ ದಾರಿಯೇ ಪ್ರಧಾನವಾದುದರಿಂದ ಊರುಗಳ ನಡುವಣ ದಾರಿಯು ಗೌಣವಾಯಿತು. ಹತ್ತಿಯ ಪೇಟೆಯಾದ ಬೈಲಹೊಂಗಲವೂ, ರೇಣುಕೆಯ ಯಾತ್ರೆಗೆ ಲಕ್ಷಾಂತರ ಜನರನ್ನು ಸೆಳೆಯುವ ಸವದತ್ತಿಯೂ ಹಳಿಯ ಹೊರಗೆ ಉಳಿದುವು. ರಾಮದುರ್ಗವು ೧೯೪೮ರ ವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಕೊಲ್ಲಾಪುರದ ಸಂಸ್ಥಾನವು ೧೮೯೧ರಲ್ಲಿ ತನ್ನದೇ ವೆಚ್ಚದಿಂದ ಮೀರಜಕ್ಕೆ ಹಳಿಯನ್ನು ಹಾಸಿಕೊಂಡಿತು. ರಾಮದುರ್ಗದಂಥ ಸಣ್ಣ ಸಂಸ್ಥಾನಕ್ಕೆ ಅಂಥ ಹಳಿಯು ಬರಲಿಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ರೈಲು ಬೇಕೆಂಬ ಆ ಪ್ರಾಂತದ ಬೇಡಿಕೆಯು ಹಳೆಯದು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ೧೮೨೪ರಲ್ಲಿ ಕಂಪನಿಯ ಸರಕಾರವನ್ನು ಎದುರಿಸಿ, ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟ ಕಿತ್ತೂರು ಚೆನ್ನಮ್ಮನ ಹೆಸರಿನಲ್ಲಿ ಒಂದು ವೇಗಗಾಡಿಯು ಬೆಂಗಳೂರಿನಿಂದ ಬೆಳಗಾವಿಯ ಮೇಲೆ ಓಡುತ್ತದೆ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ಹುಟ್ಟಿ ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಹೆಸರು ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಬಂದಿದೆ. ೨೦೨೩ರ ಡಿಸೆಂಬರದಲ್ಲಿ ರಾಜ್ಯದ ವಿಧಾನಸಭೆಯು ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ಚೆನ್ನಮ್ಮನ ಹೆಸರನ್ನೂ ಹುಬ್ಬಳ್ಳಿಯದಕ್ಕೆ ರಾಯಣ್ಣನ ಹೆಸರನ್ನೂ ಇಡಬೇಕೆಂದು ನಿರ್ಣಯಿಸಿತು. ಈ ನಾಡಿನ ಹೆಸರುಗಳು ಹಳಿಯ ಮೇಲೆ ಓಡುತ್ತವೆ, ಆಕಾಶಕ್ಕೂ ಏರಲು ಸಿದ್ಧವಾಗಿವೆ. ಈ ನಾಡಿನ ಜನರು ಮಾತ್ರ ಬಸ್ಸಿಗಾಗಿ ಕಾಯುತ್ತಾರೆ.

೪. ಪತ್ರಕ್ಕೆ ದೊರೆತ ಸೌಕರ್ಯ

ಆಕಾಶಮಾರ್ಗವು ಕನ್ನಡನಾಡನ್ನು ಮೊದಲು ಮುಟ್ಟಿದುದು ಮನುಷ್ಯರಿಗಾಗಿ ಅಲ್ಲ, ಪತ್ರಗಳಿಗಾಗಿ. ೧೯೩೨ರ ಅಕ್ಟೋಬರ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಯ ಜುಹೂಗೆ ಚಿಕ್ಕ ವಿಮಾನವೊಂದರಲ್ಲಿ ಟಪಾಲನ್ನು ತಂದರು. ಅಲ್ಲಿಂದ ಮುಂದೆ ಅವರ ಸಹೋದ್ಯೋಗಿಯಾದ ನೆವಿಲ್ ವಿನ್ಸೆಂಟರು ಅದನ್ನು ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರು. ಕರಾಚಿಯ ವರೆಗೆ ಇಂಪೀರಿಯಲ್ ಏರ್‌ವೇಸಿನವರು ತಂದ ವಿಲಾಯತಿಯ ಟಪಾಲಿಗೆ ಹೀಗೆ ದಕ್ಷಿಣದ ದಾರಿಯು ತೆರೆಯಿತು. ಬಳ್ಳಾರಿಯು ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯ ಮೇಲಿನ ಊರು. ಆದುದರಿಂದ ಅಲ್ಲಿ ಇಳಿದ ಪತ್ರಕ್ಕೆ ಸುತ್ತಣ ಜಿಲ್ಲೆಗಳನ್ನು ಸೇರಲು ಹಳಿಯು ಸಿದ್ಧವಾಗಿಯೇ ಇದ್ದಿತು.

ಈಗ ವಿಚಾರಿಸಬೇಕಾದುದು ಇದು. ಆ ಕಾಲದಲ್ಲಿ ರಾಮದುರ್ಗದಂಥ ಊರಿನವನೊಬ್ಬನು ಸಮುದ್ರದಾಚೆಗೆ ಪತ್ರವನ್ನು ಬರೆದರೆ ಅವನು ಮಾಡಬೇಕಾದುದೇನು? ತನ್ನ ಊರಿನ ಟಪಾಲು ಕಚೇರಿಯಲ್ಲಿ ತಕ್ಕ ಸ್ಟ್ಯಾಂಪು ಹಚ್ಚಿ ಒಪ್ಪಿಸುವುದು ಮಾತ್ರ. ಅಲ್ಲಿಂದ ಮುಂದೆ ಟಪಾಲಿನವನ ಚೀಲ, ಮೋಟಾರು, ರೈಲು, ವಿಮಾನ ಎಂದು ವಾಹನಗಳು ಎಷ್ಟು ಬದಲಾದರೂ ಬರೆದವನಿಗೆ ಅದರ ಚಿಂತೆಯಿಲ್ಲ. ಪತ್ರದ ನಾಮಗ್ರಹಣವೂ ಭಾರಗ್ರಹಣವೂ ಅವನ ಊರಿನಲ್ಲಿಯೇ ಮುಗಿದುವು. ರೈಲ್ವೆಯವರೂ ಸರಕಿನ ವಿಷಯದಲ್ಲಿ ಇದೇ ನೀತಿಯನ್ನು ಸ್ವಲ್ಪಮಟ್ಟಿಗೆ ಅನುಸರಿಸಿದರು. ಹಳಿಯಿಲ್ಲದ ಕೆಲವು ಊರುಗಳಲ್ಲಿ 'ಔಟ್ ಏಜೆನ್ಸಿ' ಎಂಬ ಕಚೇರಿಗಳನ್ನು ಏರ್ಪಡಿಸಿ, ಅಲ್ಲಿಯೇ ಸರಕನ್ನು ಪಡೆದು, ರಸೀದಿ ಕೊಟ್ಟು, ರಸ್ತೆಯ ಮೇಲೆ ಸಮೀಪದ ನಿಲ್ದಾಣಕ್ಕೆ ಸಾಗಿಸುತ್ತಿದ್ದರು. ಭಾರತದ ರೈಲ್ವೆಯ ಆಡಳಿತದಲ್ಲಿ ಇದು ಹೊಸ ಮಾತಲ್ಲ.

ಇದರಿಂದ ಸಿದ್ಧವಾಗುವುದೇನೆಂದರೆ, ರೈಲು ನಿಲ್ದಾಣದಲ್ಲಿ ವಿಮಾನದ ಚೆಕ್-ಇನ್ ಎಂಬುದು ಅಪೂರ್ವವಾದ ಕಲ್ಪನೆಯೇನೂ ಅಲ್ಲ. ಪತ್ರಕ್ಕೂ ಸರಕಿಗೂ ಮೊದಲೇ ದೊರೆತಿದ್ದ ಸೌಕರ್ಯವನ್ನು ಮನುಷ್ಯನಿಗೂ ದೊರಕಿಸುವ ಯತ್ನವೇ ಅದು.

೫. ವಿದೇಶಗಳಲ್ಲಿ ನಡೆದ ಪ್ರಯತ್ನಗಳು

ಆ ಯತ್ನವು ಐರೋಪ್ಯ ದೇಶಗಳಲ್ಲಿ ಮೊದಲಾಯಿತು. ಬರ್ಲಿನ್ನಿನ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣಕ್ಕೆ ೧೯೨೭ರಲ್ಲಿಯೇ ನೆಲದೊಳಗಣ ರೈಲು ಬಂದಿತು. ಇಂಗ್ಲೆಂಡಿನ ನಾಲ್ಕು ದೊಡ್ಡ ರೈಲ್ವೆ ಕಂಪನಿಗಳು ೧೯೩೪ರಲ್ಲಿ ಇಂಪೀರಿಯಲ್ ಏರ್‌ವೇಸಿನೊಡನೆ ಕೂಡಿ ರೈಲ್ವೆ ಏರ್ ಸರ್ವಿಸಸ್ ಎಂಬ ವಿಮಾನಸಂಸ್ಥೆಯನ್ನೇ ಕಟ್ಟಿದುವು. ೧೯೩೬ರಲ್ಲಿ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ವೃತ್ತಾಕಾರದ ಕಟ್ಟಡವನ್ನು ಸುರಂಗವೊಂದರಿಂದ ರೈಲು ನಿಲ್ದಾಣಕ್ಕೆ ಜೋಡಿಸಲಾಯಿತು. ೧೯೫೮ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಎರಡು ನಿಲ್ದಾಣಗಳನ್ನೂ ಒಂದರ ಪಕ್ಕದಲ್ಲೊಂದಾಗಿ ಒಂದೇ ಕಟ್ಟಡದಂತೆ ರಚಿಸಿದರು.

ನಮ್ಮ ಪ್ರಕೃತಕ್ಕೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆಯು ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣದ ಬಳಿಯಲ್ಲಿ ೧೯೩೯ರಲ್ಲಿ ತೆರೆದ ಇಂಪೀರಿಯಲ್ ಏರ್‌ವೇಸಿನ ಭವನ. ಭಾರತವೇ ಮೊದಲಾದ ಪೂರ್ವದೇಶಗಳಿಗೆ ಹೊರಟವರು ಆ ಭವನದಲ್ಲಿಯೇ ಹೆಸರು ಕೊಟ್ಟು, ಸಾಮಾನು ಒಪ್ಪಿಸಿ, ಹಿಂಬದಿಯ ರೈಲುಕಟ್ಟೆಯಲ್ಲಿ ಗಾಡಿಯನ್ನೇರಿ, ಸೌತಾಂಪ್ಟನ್ನಿನಲ್ಲಿ ನೀರಿನ ಮೇಲೆ ನಿಂತ ವಿಮಾನವನ್ನು ಸೇರುತ್ತಿದ್ದರು. ನಾಮಗ್ರಹಣ, ಭಾರಗ್ರಹಣ, ರೈಲು, ವಿಮಾನ ಈ ನಾಲ್ಕೂ ಒಂದೇ ಸಂಸ್ಥೆಯ ಕಣ್ಣಳತೆಯಲ್ಲಿ ನಡೆದುವು. ಅದೇ ವರ್ಷ ಯುದ್ಧವು ಬಂದು ಈ ಏರ್ಪಾಟು ಬೇರೂರಲಿಲ್ಲ.

ಯುದ್ಧಾನಂತರ ಜರ್ಮನಿಯ ಲುಫ್ತಾನ್ಸಾ ಸಂಸ್ಥೆಯು ೧೯೮೨ರಿಂದ ೧೯೯೩ರ ವರೆಗೆ ಡ್ಯುಸೆಲ್ಡಾರ್ಫಿನಿಂದ ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣಕ್ಕೆ ತನ್ನದೇ ಹೆಸರಿನ ರೈಲನ್ನು ಓಡಿಸಿತು. ಆ ರೈಲಿಗೆ ವಿಮಾನದಂತೆ ಹಾರಾಟದ ಸಂಖ್ಯೆಯೂ ಇದ್ದಿತು. ೧೯೯೮ರಲ್ಲಿ ಹಾಂಗ್‌ಕಾಂಗಿನಲ್ಲಿ ಹೊಸ ವಿಮಾನ ನಿಲ್ದಾಣದೊಡನೆಯೇ ರೈಲುದಾರಿಯೂ, ಪಟ್ಟಣದ ರೈಲು ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವ ವ್ಯವಸ್ಥೆಯೂ ಬಂದುವು. ೨೦೦೨ರಲ್ಲಿ ಕ್ವಾಲಾಲಂಪುರವು ಅದನ್ನು ಅನುಸರಿಸಿತು. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಹೀಥ್ರೋ ರೈಲಿನವರು ತೆರೆದ ಇಂಥದೇ ಕಟ್ಟೆಯು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಪಟ್ಟಣವು ದೊಡ್ಡದಾದ ಮಾತ್ರಕ್ಕೆ, ಪ್ರಯಾಣಿಕರು ಹೆಚ್ಚಾದ ಮಾತ್ರಕ್ಕೆ ಈ ಪದ್ಧತಿಯು ಉಳಿಯುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈ ಉದಾಹರಣೆಗಳನ್ನು ವ್ಯಾಕರಣದ ಪರಿಭಾಷೆಯಲ್ಲಿ ವಿಂಗಡಿಸಿದರೆ ನಮ್ಮ ಅಧ್ಯಾಪಕರಿಗೆ ಸುಲಭವಾಗಿ ಮನವರಿಕೆಯಾದೀತು. ೧೯೫೮ರ ಗ್ಯಾಟ್‌ವಿಕ್ಕಿನಂತೆ ನಡುವಣ ಅಂತರವೇ ಇಲ್ಲವಾಗಿ ಎರಡು ನಿಲ್ದಾಣಗಳು ಒಂದಾದರೆ ಅದು ಲೋಪಸಂಧಿಯಂತೆ. ನಡುವೆ ಒಂದು ಬಸ್ಸೋ ಚಿಕ್ಕ ಗಾಡಿಯೋ ಬಂದು ಎರಡನ್ನೂ ಕೂಡಿಸಿದರೆ, ಯಕಾರ ವಕಾರಗಳು ಬಂದು ಸ್ವರಗಳನ್ನು ಕೂಡಿಸುವ ಆಗಮಸಂಧಿಯಂತೆ. ಎರಡೂ ಎದುರುಬದುರಾಗಿ ಇದ್ದು ಯಾವ ಕಾರ್ಯವೂ ನಡೆಯದಿದ್ದರೆ ಅದು ಪ್ರಕೃತಿಭಾವ. ನಮ್ಮ ಸಾಂಬ್ರಾದ ಎರಡು ನಿಲ್ದಾಣಗಳದು ಈ ಮೂರನೆಯ ಸ್ಥಿತಿ.

೬. ಸ್ವದೇಶದ ಅನುಭವ

ಭಾರತದಲ್ಲಿ ಈ ಪದ್ಧತಿಯು ಸಾಂಗವಾಗಿ ಬಂದುದು ದಿಲ್ಲಿಗೆ. ಹೊಸದಿಲ್ಲಿಯ ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣದ ಮೇಲೆ ದ್ವಾರಕೆಗೆ ಹೋಗುವ ಸುಮಾರು ೨೩ ಕಿಲೋಮೀಟರಿನ ಮೆಟ್ರೋ ದಾರಿಯನ್ನು ೨೦೧೧ರ ಫೆಬ್ರವರಿ ೨೩ರಂದು ತೆರೆದರು. ಹೊಸದಿಲ್ಲಿ ಮತ್ತು ಶಿವಾಜಿ ಸ್ಟೇಡಿಯಂ ಎಂಬ ಎರಡು ಮೆಟ್ರೋ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಮಾನನ್ನು ಪಡೆಯುವ ಏರ್ಪಾಟಾಯಿತು. ಖಾಸಗಿ ಸಂಸ್ಥೆಯೊಂದರ ಕೈಯಲ್ಲಿದ್ದ ಆ ದಾರಿಯು ಕಟ್ಟಡದ ದೋಷಗಳಿಂದ ೨೦೧೨ರ ಜುಲೈಯಿಂದ ೨೦೧೩ರ ಜನವರಿಯ ವರೆಗೆ ಮುಚ್ಚಿದ್ದಿತು. ೨೦೧೩ರ ಜುಲೈಯಲ್ಲಿ ದಿಲ್ಲಿ ಮೆಟ್ರೋ ನಿಗಮವು ಅದನ್ನು ವಹಿಸಿಕೊಂಡ ಮೇಲೆ ಸ್ಥಿರವಾಯಿತು. ಹೊಣೆಗಾರನು ಗಟ್ಟಿಯಾದಾಗ ದಾರಿಯು ಗಟ್ಟಿಯಾಯಿತು.

ಬೆಂಗಳೂರಿನ ಕಥೆಯು ಬೇರೆ. ೨೦೦೮ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋಯಿತು. ಪಟ್ಟಣದ ನಡುವಣ ಮಿನ್ಸ್ಕ್ ಚೌಕದಿಂದ ಅಲ್ಲಿಗೆ ವೇಗದ ರೈಲನ್ನು ಹಾಕಿ, ಪಟ್ಟಣದಲ್ಲಿಯೇ ಚೆಕ್-ಇನ್ ನಡೆಯಿಸಬೇಕೆಂಬ ಯೋಜನೆಯು ಸಿದ್ಧವಾಗಿದ್ದಿತು. ಅದು ಕಾಗದದಲ್ಲಿಯೇ ಉಳಿಯಿತು. ಹಳೆಯ ರೈಲುದಾರಿಯು ವಿಮಾನ ನಿಲ್ದಾಣದ ಹತ್ತಿರದಲ್ಲಿಯೇ ಹಾದುಹೋಗಿದ್ದರೂ ಅಲ್ಲಿ ಒಂದು ಚಿಕ್ಕ ನಿಲುಗಡೆಯನ್ನು ಕಟ್ಟಿ ಗಾಡಿ ನಿಲ್ಲಿಸಿದುದು ೨೦೨೧ರ ಜನವರಿಯಲ್ಲಿ, ಎಂದರೆ ೧೨ ವರ್ಷಗಳು ಕಳೆದ ಮೇಲೆ. ಅಲ್ಲಿಂದ ಮುಂದೆ ಬಸ್ಸು; ಇದು ಆಗಮಸಂಧಿ. ಅದೇ ವರ್ಷದ ಏಪ್ರಿಲಿನಲ್ಲಿ ವಿಮಾನ ನಿಲ್ದಾಣಕ್ಕೆ ಮೆಟ್ರೋ ಹಾಕಲು ಕೇಂದ್ರ ಸರಕಾರವು ಒಪ್ಪಿತು. ಒಂದು ಕಟ್ಟೆ, ಒಂದು ಫಲಕ, ಎರಡು ನಿಮಿಷದ ನಿಲುಗಡೆ ಇಷ್ಟಕ್ಕೆ ರಾಜಧಾನಿಯಲ್ಲಿಯೇ ಹನ್ನೆರಡು ವರ್ಷ ಬೇಕಾದುವು. ಇದರ ಕಾರಣವನ್ನು ಹಣದ ಅಭಾವದಲ್ಲಿ ಹುಡುಕಬಾರದು. ರೈಲ್ವೆ, ವಿಮಾನ ನಿಲ್ದಾಣ, ರಾಜ್ಯ ಸರಕಾರ ಎಂಬ ಮೂವರು ಯಜಮಾನರ ನಡುವಣ ದಾರಿಗೆ ಯಜಮಾನನೇ ಇಲ್ಲದಿರುವಲ್ಲಿ ಹುಡುಕಬೇಕು.

೭. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಈಗ ಮೊಬೈಲಿನಲ್ಲಿಯೇ ಚೆಕ್-ಇನ್ ಆಗುತ್ತದೆ, ಬೋರ್ಡಿಂಗ್ ಪಾಸು ಮನೆಯಲ್ಲಿಯೇ ಕೈಗೆ ಬರುತ್ತದೆ, ಆದುದರಿಂದ ರೈಲು ನಿಲ್ದಾಣದಲ್ಲಿ ಕಟ್ಟೆಯು ನಿರರ್ಥಕವೆಂಬುದು. ಸಮಾಧಾನವೇನೆಂದರೆ, ಮೊಬೈಲಿನಿಂದ ಆಗುವುದು ನಾಮಗ್ರಹಣ ಮಾತ್ರ. ಭಾರಗ್ರಹಣವನ್ನು ಯಾವ ಯಂತ್ರವೂ ದೂರದಿಂದ ಮಾಡಲಾರದು. ಸವದತ್ತಿಯಿಂದ ಮುಂಬಯಿಗೆ ಮಗನ ಮನೆಗೆ ಹೊರಟ ವೃದ್ಧ ದಂಪತಿಗಳನ್ನು ನೆನೆಯಬೇಕು. ಅವರಿಗೆ ಆಸನದ ಸಂಖ್ಯೆಯ ಚಿಂತೆಯಿಲ್ಲ. ರೊಟ್ಟಿ, ಚಟ್ನಿಪುಡಿ, ಅಕ್ಕಿಗಳ ಗಂಟನ್ನು ಬಸ್ಸಿನಿಂದ ಇಳಿಸುವವರಾರು, ಏರಿಸುವವರಾರು ಎಂಬುದೇ ಚಿಂತೆ. ಹಗುರಾದ ಕ್ರಿಯೆಯು ಮನೆಬಾಗಿಲಿಗೆ ಬಂದು, ಭಾರವಾದುದು ಇದ್ದಲ್ಲಿಯೇ ಉಳಿದಿದೆ.

ಎರಡನೆಯ ಆಕ್ಷೇಪ: ದಿಲ್ಲಿ, ಹಾಂಗ್‌ಕಾಂಗುಗಳ ಪದ್ಧತಿಯನ್ನು ಕಿತ್ತೂರಿಗೆ ತರುವುದು ಅತಿವ್ಯಾಪ್ತಿಯಲ್ಲವೇ? ಬೆಳಗಾವಿಯಿಂದ ಹೊರಡುವ ವಿಮಾನಗಳು ಎಷ್ಟು, ಕಿತ್ತೂರಿನಿಂದ ಅವನ್ನೇರುವವರು ಎಷ್ಟು ಮಂದಿ? ಈ ಮಾತಿನಲ್ಲಿ ತಥ್ಯವಿದೆ. ನಾವು ಕೇಳುವುದು ದಿಲ್ಲಿಯ ಭವನವನ್ನಲ್ಲ, ದಿಲ್ಲಿಯ ನೀತಿಯನ್ನು. ಸಾಮಾನನ್ನು ಪಡೆದು, ಮುದ್ರೆಯೊತ್ತಿ, ಕಾವಲಿನಲ್ಲಿ ಸಾಗಿಸಿ, ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ಒಪ್ಪಿಸುವುದು ಹತ್ತು ಸಾವಿರ ಚೀಲಗಳಿಗೆ ಸಾಧ್ಯವಾದರೆ ಹತ್ತು ಚೀಲಗಳಿಗೂ ಸಾಧ್ಯ. ದಿನಕ್ಕೆ ಹತ್ತೇ ಚೀಲಗಳಿದ್ದಲ್ಲಿ ಅದಕ್ಕೆ ಪ್ರತ್ಯೇಕ ನೌಕರರೂ ಬೇಡ. ಹಿಂದಿನ ಔಟ್ ಏಜೆನ್ಸಿಯಂತೆ ಇರುವ ಕಚೇರಿಗೇ ಈ ಕಾರ್ಯವನ್ನು ವಹಿಸಬಹುದು.

ರೈಲಿಗೆ ಹಾರಲು ಬರದು; ವಿಮಾನಕ್ಕೆ ಊರೊಳಗೆ ಬರಲು ಬರದು. ಕುಂಟನನ್ನು ಕುರುಡನು ಹೊತ್ತು, ಕುರುಡನಿಗೆ ಕುಂಟನು ದಾರಿ ತೋರಿಸಿ ಇಬ್ಬರೂ ಊರು ಸೇರಿದರೆಂಬ ಪಂಗ್ವಂಧನ್ಯಾಯವು ಇವೆರಡಕ್ಕೆ ಸರಿಯಾಗಿ ಸಲ್ಲುತ್ತದೆ. ಆ ನ್ಯಾಯದಲ್ಲಿ ಇಬ್ಬರೂ ಮೊದಲು ಒಪ್ಪಂದವನ್ನು ಮಾಡಿಕೊಂಡರೆಂಬುದನ್ನು ಮರೆಯಬಾರದು.

೮. ಕಿತ್ತೂರಿನ ದಾರಿ

ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ನೇರವಾದ ಹೊಸ ರೈಲುದಾರಿಯು ೨೦೨೦ರಲ್ಲಿ ಮಂಜೂರಾಯಿತು. ಇದರ ಉದ್ದವು ೭೩ ಕಿಲೋಮೀಟರು. ಅಂದಿನ ಅಂದಾಜು ವೆಚ್ಚವು ಸುಮಾರು ೯೨೭ ಕೋಟಿ ರೂಪಾಯಿ. ಇದಕ್ಕಾಗಿ ಶ್ರಮಿಸಿದವರಲ್ಲಿ ಮುಖ್ಯರಾದ, ಅಂದು ರೈಲ್ವೆಯ ರಾಜ್ಯಮಂತ್ರಿಗಳಾಗಿದ್ದ ಬೆಳಗಾವಿಯ ಸುರೇಶ ಅಂಗಡಿಯವರು ಅದೇ ವರ್ಷದ ಸೆಪ್ಟೆಂಬರದಲ್ಲಿ ತೀರಿಕೊಂಡರು. ೧೮೮೦ರ ದಶಕದಲ್ಲಿ ಬಿಟ್ಟುಹೋದ ನೇರದಾರಿಯನ್ನು ಈ ಯೋಜನೆಯು ನೂರಮೂವತ್ತು ವರ್ಷಗಳ ಮೇಲೆ ಹಿಡಿಯುತ್ತದೆ.

ಕಿತ್ತೂರಿನ ಸ್ಥಾನವನ್ನು ಈಗ ನೋಡಬೇಕು. ಅದಕ್ಕೆ ಬೆಳಗಾವಿಯು ಸುಮಾರು ೫೦ ಕಿಲೋಮೀಟರು, ಧಾರವಾಡವು ಸುಮಾರು ೩೦ ಕಿಲೋಮೀಟರು; ಧಾರವಾಡದ ಆಚೆಗೆ ಹುಬ್ಬಳ್ಳಿ. ಬೆಳಗಾವಿ, ಹುಬ್ಬಳ್ಳಿ ಎರಡಕ್ಕೂ ೨೦೧೭ರಲ್ಲಿ ಹೊಸ ವಿಮಾನ ನಿಲ್ದಾಣದ ಭವನಗಳು ಬಂದಿವೆ. ಎರಡು ವಿಮಾನ ನಿಲ್ದಾಣಗಳ ನಡುವೆ ಒಂದೇ ಹಳಿಯ ಮೇಲೆ ಕಿತ್ತೂರು ನಿಲ್ಲುತ್ತದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕನ್ನು ಕೊಡುವ ದೇಹಲೀದೀಪನ್ಯಾಯದಂತೆ, ಕಿತ್ತೂರಿನ ನಿಲ್ದಾಣದಲ್ಲಿ ಸಾಮಾನು ಪಡೆಯುವ ಒಂದು ಕಟ್ಟೆಯು ಎರಡು ಕಡೆಗೂ ಉಪಯೋಗಕ್ಕೆ ಬರುತ್ತದೆ. ಬೈಲಹೊಂಗಲದವರಿಗೆ ಕಿತ್ತೂರು ಸಮೀಪ. ಸವದತ್ತಿಯವರಿಗೆ ಧಾರವಾಡವು ಅನುಕೂಲ.

ರಾಮದುರ್ಗದ ಸ್ಥಿತಿಯು ಇದಕ್ಕೆ ಭಿನ್ನ. ಅಲ್ಲಿಂದ ಯರಗಟ್ಟಿ, ನೇಸರಗಿಗಳ ಮೇಲೆ ಬೆಳಗಾವಿಗೆ ಬರುವ ಹೆದ್ದಾರಿಯು ಸಾಂಬ್ರಾದ ಮೇಲೆಯೇ ಹಾಯುತ್ತದೆ. ರೈಲು ಹಿಡಿಯಲು ಬೆಳಗಾವಿಗೆ ಬರುವ ರಾಮದುರ್ಗದವನು ಮೊದಲು ವಿಮಾನ ನಿಲ್ದಾಣವನ್ನು ದಾಟಿಯೇ ರೈಲು ನಿಲ್ದಾಣವನ್ನು ಸೇರುತ್ತಾನೆ. ಸುಂಕದ ಕಟ್ಟೆಯನ್ನು ತಪ್ಪಿಸಲೆಂದು ರಾತ್ರಿಯೆಲ್ಲ ಸುತ್ತಿದ ಗಾಡಿಯವನಿಗೆ ಬೆಳಗಾಗುವಾಗ ಸುಂಕದ ಕಟ್ಟೆಯೇ ಎದುರಾಯಿತೆಂಬ ಘಟ್ಟಕುಟೀಪ್ರಭಾತನ್ಯಾಯವು ಇಲ್ಲಿ ತಿರುಗುಮುರುಗಾಗಿದೆ: ಬೇಕಾದ ಕಟ್ಟೆಯು ಕಣ್ಣೆದುರಿಗೇ ಹಾದುಹೋಗುತ್ತದೆ, ಅಲ್ಲಿ ಒಪ್ಪಿಸಲು ಉಪಾಯವಿಲ್ಲ. ಇವರಿಗೆ ಹಳಿ ಬರುವ ವರೆಗೆ ಬಸ್ ನಿಲ್ದಾಣವೇ ರೈಲು ನಿಲ್ದಾಣ. ವಾಯವ್ಯ ಕರ್ನಾಟಕದ ಸಾರಿಗೆ ಸಂಸ್ಥೆಯ ಬಸ್ಸುಗಳ ವೇಳೆಯನ್ನು ವಿಮಾನದ ವೇಳೆಗೆ ಹೊಂದಿಸಿ, ನಿಲ್ದಾಣದ ಬಾಗಿಲಿನ ವರೆಗೆ ಸಾಮಾನನ್ನು ಒಯ್ಯುವ ಹೊಣೆಯನ್ನು ಬಸ್ಸಿನವರೇ ಹೊತ್ತರೆ ಅಲ್ಲಿಗೆ ಕಾರ್ಯವು ಬಹಳಮಟ್ಟಿಗೆ ಸಾಧಿಸಿತು.

ಕಟ್ಟಕಡೆಗೆ ಸಾಂಬ್ರೆಯ ಮಾತು. ಕಿತ್ತೂರಿನ ಮೇಲೆ ಬೆಳಗಾವಿಗೆ ಬಂದು ಮೀರಜದ ಕಡೆಗೆ ಹೋಗುವ ಗಾಡಿಯು ಸಾಂಬ್ರೆಯನ್ನು ಹಾದೇ ಹೋಗಬೇಕು. ಅಲ್ಲಿ ಗಾಡಿಯನ್ನು ನಿಲ್ಲಿಸುವ ಆಜ್ಞೆ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಒಂದು ಬಸ್ಸು, ಕಿತ್ತೂರಿನಲ್ಲಿ ಒಂದು ತಕ್ಕಡಿ ಮತ್ತು ಒಂದು ರಸೀದಿಯ ಪುಸ್ತಕ: ಇಷ್ಟೇ ಉಪಕರಣಗಳು. ದೊಡ್ಡ ಸೇತುವೆಯನ್ನಾಗಲಿ ಸುರಂಗವನ್ನಾಗಲಿ ಯಾರೂ ಬೇಡುತ್ತಿಲ್ಲ. ಈ ನಿಲ್ದಾಣಗಳ ನಕ್ಷೆಗಳನ್ನು ಬರೆಯುವಾಗಲೇ ಈ ಸಂಧಿಗೆ ಸ್ಥಳವನ್ನು ಬಿಟ್ಟರೆ ಇದು ಅಲ್ಪವ್ಯಯದಲ್ಲಿ ಆಗುವ ಕೆಲಸ. ಬಿಡದಿದ್ದರೆ ಕಿತ್ತೂರಿನ ನಿಲ್ದಾಣವೂ ಸಾಂಬ್ರೆಯಂತೆ ಪ್ರಕೃತಿಭಾವದಲ್ಲಿ ಉಳಿದೀತು.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು. ರೈಲುದಾರಿ ವಿಮಾನದಾರಿಗಳ ಸಂಧಿಯು ದೂರವನ್ನು ಅವಲಂಬಿಸಿದ್ದಲ್ಲ, ಹೊಣೆಯನ್ನು ಅವಲಂಬಿಸಿದ್ದು. ವಿಕ್ಟೋರಿಯಾದಿಂದ ಸೌತಾಂಪ್ಟನ್ನು ಬಹುದೂರವಾದರೂ ಒಬ್ಬ ಹೊಣೆಗಾರನಿದ್ದುದರಿಂದ ಸಂಧಿಯಾಯಿತು. ಸಾಂಬ್ರಾದಲ್ಲಿ ಎರಡು ನಿಲ್ದಾಣಗಳು ಒಂದೇ ಹೆಸರಿನವಾದರೂ ಹೊಣೆಗಾರನಿಲ್ಲದುದರಿಂದ ಸಂಧಿಯಾಗಲಿಲ್ಲ. ೧೯೩೨ರಲ್ಲಿ ಬಳ್ಳಾರಿಯಲ್ಲಿ ಇಳಿದ ಪತ್ರದ ಚೀಲಕ್ಕೆ ದೊರೆತಿದ್ದ ಗೌರವವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪ್ರಯಾಣಿಕನ ಚೀಲಕ್ಕೂ ದೊರೆಯಬೇಕೆಂಬುದು ನ್ಯಾಯವಾದ ಅಪೇಕ್ಷೆ. ಈ ಪ್ರಾಂತದ ದಾರಿಗಳ ಇತಿಹಾಸವನ್ನು ಬಲ್ಲ ವಿದ್ವಾಂಸರು ಈ ವಿಷಯವನ್ನು ಇನ್ನೂ ವಿಸ್ತರಿಸಿ, ಅಧಿಕಾರಿಗಳ ಗಮನಕ್ಕೆ ತರಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.